ಅಂಗಿ ಬಿಚ್ಚೋದು ನನಗೆ ಕಷ್ಟವಾಗಿತ್ತು

2022ರ ಮೇ ತಿಂಗಳು. ಧರ್ಮಸ್ಥಳದಲ್ಲಿ ಮಂಜುನಾಥಸ್ವಾಮಿ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದೆವು. ಅಲ್ಲಿ ಗಂಡಸರು ಅಂಗಿ, ಬನಿಯನ್ ಎರಡನ್ನೂ ಬಿಚ್ಚಿಯೇ ಒಳಗೆ ಹೋಗಬೇಕು. ಈ ವಿಷಯ ಗೊತ್ತಿದ್ದರಿಂದ ಮನೆಯಿಂದಲೇ ಅಗಲವಾದ ಶಲ್ಯ ತಂದಿದ್ದೆ. ಅಂಗಿ ಬಿಚ್ಚಿದ ತಕ್ಷಣ ಅದನ್ನು ಎದೆಗೆ, ಹೊಟ್ಟೆಗೆ ಸುತ್ತಿಕೊಂಡೆ. ಎರಡೂ ಕೈ ಕಟ್ಟಿಕೊಂಡು ನಿಂತೆ.

ಪಕ್ಕದಲ್ಲಿ ನನ್ನ ಮಗ. ಆಗ ಅವನಿಗೆ 13 ವರ್ಷ. ಅವನು ಗುಂಡಿ ಬಿಚ್ಚಲಿಲ್ಲ. "ಅಪ್ಪ, ನೀವು ಅಮ್ಮ ಹೋಗಿ ಬನ್ನಿ. ನಾನು ಹೊರಗೆ ಇರ್ತೀನಿ" ಅಂದ. ಯಾಕೆ ಅಂತ ಎರಡು ಸಲ ಕೇಳಿದೆ. ತಲೆ ತಗ್ಗಿಸಿದ. ಅವನ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಿದ್ದವು. ನಾನು ನಿಂತ ಹಾಗೆಯೇ ನಿಂತಿದ್ದ.

ಆ ದಿನ ಅವನು ಒಳಗೆ ಬರಲೇ ಇಲ್ಲ. ನಾನು ದೇವರ ಮುಂದೆ ನಿಂತು ಏನು ಬೇಡಿಕೊಂಡೆನೋ ನೆನಪಿಲ್ಲ. ಮಗನಿಗೆ ಇದನ್ನು ಕಲಿಸಿದವನು ನಾನೇ ಅಂತ ಮಾತ್ರ ಗೊತ್ತಾಯಿತು. ಅವನು ಹುಟ್ಟಿದಾಗಿನಿಂದ ನಾನು ಮನೆಯಲ್ಲಿ ಬನಿಯನ್ ಇಲ್ಲದೆ ಓಡಾಡಿದ್ದು ಅವನು ನೋಡಿಯೇ ಇಲ್ಲ.

ನನಗೆ ಆಗ 46. ಮಂಡ್ಯ ಕಡೆಯ ಹಳ್ಳಿಯವನು, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕುರ್ಚಿಯಲ್ಲಿ ಕೂತೇ ಕಳೆದಿದ್ದೇನೆ. ಚಿಕ್ಕವನಿದ್ದಾಗಲೇ ನನಗೆ 'ಡುಮ್ಮ' ಅಂತ ಹೆಸರಿತ್ತು. ಹತ್ತನೇ ಕ್ಲಾಸಿನಲ್ಲಿ ಊರ ಕೆರೆಗೆ ಈಜಲು ಹೋದಾಗ ಹುಡುಗರು ನನ್ನ ಎದೆ ಹಿಡಿದು ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಅವತ್ತಿನಿಂದ ಕೆರೆಗೆ ಹೋಗುವುದನ್ನು ಬಿಟ್ಟೆ. ಈಜು ಕಲಿಯಲೇ ಇಲ್ಲ. ದೊಡ್ಡವನಾದ ಮೇಲೆ ಎರಡು ಬನಿಯನ್, ಕಡು ಬಣ್ಣದ ಅಂಗಿ, ಕೈಯಲ್ಲಿ ಎದೆಗೆ ಆನಿಸಿಕೊಂಡ ಫೈಲು. ಮಲಗುವ ಕೋಣೆಯಲ್ಲಿ ದೀಪ ಆರಿಸಿಯೇ ಬಟ್ಟೆ ಬದಲಿಸುತ್ತಿದ್ದೆ. ಹೆಂಡತಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ನಮ್ಮಲ್ಲಿ ಗಂಡಸಿನ ಹೊಟ್ಟೆಯನ್ನು ಎಲ್ಲರೂ ಮುಟ್ಟಬಹುದು ಅಂತ ಒಂದು ಅಭ್ಯಾಸ ಇದೆ. ಮದುವೆ ಮನೆಯಲ್ಲಿ ನೆಂಟರು ನೇರವಾಗಿ ಕೈ ಇಟ್ಟು "ಎಷ್ಟು ತಿಂಗಳು?" ಅಂತ ಕೇಳುತ್ತಾರೆ. ಹತ್ತು ಜನ ನಗುತ್ತಾರೆ. ನಾವೂ ನಗಬೇಕು. ಅಲ್ಲಿ ನೋವು ತೋರಿಸಿದರೆ "ಇಷ್ಟಕ್ಕೆಲ್ಲ ಬೇಜಾರಾ?" ಅಂತಾರೆ. ಹೆಣ್ಣುಮಕ್ಕಳಿಗೆ ಹೀಗೆ ಮಾತಾಡುವುದು ತಪ್ಪು ಅಂತ ಈಗೀಗ ಜನ ಒಪ್ಪುತ್ತಿದ್ದಾರೆ. ಗಂಡಸರ ವಿಷಯದಲ್ಲಿ ಅದು ಇನ್ನೂ ತಮಾಷೆಯೇ.

ಧರ್ಮಸ್ಥಳಕ್ಕೆ ಹೋಗುವ ಮೊದಲೂ ನಾನು ಒಮ್ಮೆ ತೂಕ ಇಳಿಸಲು ಪ್ರಯತ್ನಪಟ್ಟಿದ್ದೆ. 2019ರಲ್ಲಿ ಅಕ್ಕನ ಮಗಳ ಮದುವೆ. ಧಾರೆಗೆ ಸೋದರಮಾವ ಪಂಚೆ, ಶಲ್ಯದಲ್ಲಿ ನಿಲ್ಲಬೇಕು. ಎರಡು ತಿಂಗಳು ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ನಿಂಬೆರಸ, ಜೇನು, ಬಿಸಿನೀರು. ಹೊಟ್ಟೆಗೆ ಬೆವರು ಬರಿಸುವ ಬೆಲ್ಟ್. ಏಳು ಕೆಜಿ ಇಳಿಯಿತು. ಕೌಂಟರಿನಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಮದುವೆ ಮುಗಿದ ಐದು ತಿಂಗಳಿಗೆ ಒಂಬತ್ತು ಕೆಜಿ ವಾಪಸ್ ಬಂತು. ಉಪವಾಸದಿಂದ ಇಳಿದದ್ದು ಬರೀ ಕೊಬ್ಬಲ್ಲ, ಸ್ನಾಯುವೂ ಇಳಿದಿತ್ತು, ಮತ್ತೆ ಬಂದದ್ದು ಮಾತ್ರ ಹೆಚ್ಚಿನಂಶ ಕೊಬ್ಬೇ ಅಂತ ಆಮೇಲೆ ಡಾಕ್ಟರ್ ಹೇಳಿದರು. ಬೆಲ್ಟಿನಿಂದ ಹೋದದ್ದು ನೀರು ಮಾತ್ರ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ಅವರಿಗೆ 46 ವರ್ಷ, ನನ್ನ ಓರಗೆಯವರು. ಅಷ್ಟು ಚೆನ್ನಾಗಿ ಮೈ ನೋಡಿಕೊಂಡಿದ್ದವರಿಗೇ ಹೀಗಾಯಿತಲ್ಲ ಅಂತ ನಮ್ಮ ವಯಸ್ಸಿನವರೆಲ್ಲ ಹೆದರಿದೆವು. ಹೃದಯ ತೋರಿಸಿಕೊಳ್ಳಲು ಆಸ್ಪತ್ರೆಗಳಲ್ಲಿ ಜನ ಸಾಲು ನಿಂತರು. ಎಷ್ಟೋ ಜನ ಜಿಮ್ ಬಿಟ್ಟರು. ನಾನು ಆಸ್ಪತ್ರೆಗೂ ಹೋಗಲಿಲ್ಲ, ಜಿಮ್ಮಿಗೂ ಹೋಗಲಿಲ್ಲ. ಆ ಭಯವನ್ನೇ ನೆಪ ಮಾಡಿಕೊಂಡು ಮತ್ತೆ ಏಳೆಂಟು ತಿಂಗಳು ಕೂತಿದ್ದೆ.

ಹಾಗಾಗಿ 2022ರ ಜೂನ್‌ನಲ್ಲಿ ಮೊದಲು ಮಾಡಿದ ಕೆಲಸ ಡಾಕ್ಟರ್ ಹತ್ತಿರ ಹೋಗಿದ್ದು. ನಲವತ್ತು ದಾಟಿದ ಯಾರಿಗೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಬಿಪಿ, ಇಸಿಜಿ, ಕೊಲೆಸ್ಟ್ರಾಲ್, ಶುಗರ್. ನನ್ನ ತೂಕ 86 ಕೆಜಿ, ಎತ್ತರ 168 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 30ರ ಮೇಲೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಮೂರು ತಿಂಗಳ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1 ಇತ್ತು. 5.7ರಿಂದ 6.4ರ ವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಸೊಂಟದ ಸುತ್ತಳತೆ ಕೇಳಿದರು. "36 ಇಂಚು ಸಾರ್" ಅಂದೆ. ಪ್ಯಾಂಟಿನ ಸೈಜು ಅದೇ ಅಲ್ವಾ? ಅವರು ಟೇಪ್ ತಂದರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆದರು. 104 ಸೆಂಟಿಮೀಟರ್, ಅಂದರೆ 41 ಇಂಚು. ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ, ಹಾಗಾಗಿ ಪ್ಯಾಂಟಿನ ನಂಬರ್ ನಿಜ ಹೇಳಲ್ಲ. ಭಾರತದ ಗಂಡಸರಿಗೆ ಇದು 90ರ ಒಳಗಿರಬೇಕು. ಒಂದು ಟೇಪ್ ಕೊಂಡುಕೊಳ್ಳಿ. ತೂಕದ ಮೆಷಿನ್‌ಗಿಂತ ಇದು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಅವತ್ತೇ, ಎದ್ದು ಹೊರಡುವ ಹೊತ್ತಿಗೆ, ಎದೆಯ ವಿಷಯ ಬಾಯಿಬಿಟ್ಟು ಕೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ನಾಲಿಗೆ ಒಣಗಿತ್ತು. ಡಾಕ್ಟರಿಗೆ ಅದು ದಿನಾ ನೋಡುವ ವಿಷಯ. ಕೈಯಿಂದ ಒತ್ತಿ ನೋಡಿದರು. ಕೆಲವರಿಗೆ ಮೊಲೆತೊಟ್ಟಿನ ಕೆಳಗೆ ಗಟ್ಟಿಯಾದ ಗ್ರಂಥಿ ಬೆಳೆದಿರುತ್ತದೆ, ಅದು ವ್ಯಾಯಾಮದಿಂದ ಹೋಗಲ್ಲ. ಕೆಲವರಿಗೆ ಬರೀ ಕೊಬ್ಬು. ನನಗೆ ಎರಡೂ ಸ್ವಲ್ಪ ಸ್ವಲ್ಪ ಇತ್ತು. "ಕೊಬ್ಬು ಇಳಿದಷ್ಟೂ ಇಳಿಯುತ್ತೆ, ಪೂರ್ತಿ ಸಪಾಟಾಗಲ್ಲ. ತೊಂದರೆ ಏನಿಲ್ಲ" ಅಂದರು. ಗಂಟು, ನೋವು, ತೊಟ್ಟಿನಿಂದ ನೀರು, ಒಂದೇ ಕಡೆ ಬೆಳೆಯುವುದು ಇದ್ದರೆ ತಡ ಮಾಡದೆ ಬರಬೇಕು ಅಂತಲೂ ಹೇಳಿದರು. ಎರಡು ನಿಮಿಷದ ಮಾತು. ಅದಕ್ಕೆ ಇಷ್ಟು ವರ್ಷ ಕಾದಿದ್ದೆ.

ಜಿಮ್ಮಿಗೆ ಸೇರಿದ್ದು ಮೂರು ವಾರಕ್ಕೆ ನಿಂತಿತು. ಸುತ್ತ ಕನ್ನಡಿ. ಟ್ರೈನರ್ ಹುಡುಗ "ಅಂಕಲ್, ನೀವು ಟ್ರೆಡ್‌ಮಿಲ್ ಸಾಕು" ಅಂತ ಮೂಲೆಗೆ ಕಳಿಸಿದ. ಆಮೇಲೆ ದುಬಾರಿ ಪುಡಿ ಡಬ್ಬ ತೋರಿಸಿದ. ಅಲ್ಲೇ ಬರುತ್ತಿದ್ದ ಇನ್ನೊಬ್ಬ 'ಕೋರ್ಸ್' ಮಾಡಿ ಅಂದ. ಕೋರ್ಸ್ ಅಂದರೆ ಸ್ಟೀರಾಯ್ಡ್ ಇಂಜೆಕ್ಷನ್. ಹೊರಗಿನಿಂದ ಚುಚ್ಚಿಕೊಂಡ ಗಂಡು ಹಾರ್ಮೋನಿನ ಒಂದು ಭಾಗ ಮೈಯೊಳಗೆ ಹೆಣ್ಣು ಹಾರ್ಮೋನಾಗಿ ಬದಲಾಗುತ್ತದೆ. ಎದೆ ಬೆಳೆಯಬಹುದು, ಹೃದಯಕ್ಕೂ ಪೆಟ್ಟು. ನನ್ನಂಥವನು ಯಾವುದಕ್ಕೆ ಹೆದರಿ ಹೋಗುತ್ತಾನೋ ಅದನ್ನೇ ದುಡ್ಡು ಕೊಟ್ಟು ತಂದುಕೊಂಡ ಹಾಗೆ. ದಯವಿಟ್ಟು ಆ ದಾರಿಗೆ ಹೋಗಬೇಡಿ, ನಿಮ್ಮ ಮಕ್ಕಳನ್ನೂ ಬಿಡಬೇಡಿ.

ಮನೆಯ ಮಹಡಿಯ ಮೇಲೆ ಶುರು ಮಾಡಿದೆ. ಬೆಳಿಗ್ಗೆ ಐದೂಮುಕ್ಕಾಲಿಗೆ, ಯಾರೂ ನೋಡದ ಹೊತ್ತಿನಲ್ಲಿ. ಮೈಸೂರಿನಲ್ಲಿ ಗರಡಿ ಮನೆಗಳು ಇನ್ನೂ ಇವೆ. ಅಲ್ಲಿಯ ಪೈಲ್ವಾನರು ಸಾಮು ಮಾಡುವುದನ್ನು ದಸರಾ ಹೊತ್ತಿನಲ್ಲಿ ನೋಡಿದ್ದೆ. ಅದೇ ಆಸೆಯಲ್ಲಿ ಮೊದಲ ವಾರವೇ ದಂಡ ಹೊಡೆಯಲು ಹೋಗಿ ಬಲಭುಜ ಹಿಡಿದುಕೊಂಡಿತು. ಆರು ವಾರ ಕೈ ಮೇಲೆತ್ತಲು ಆಗಲಿಲ್ಲ. ಫಿಸಿಯೋಥೆರಪಿ ಮಾಡಿದ ಹೆಣ್ಣುಮಗಳು ಹೇಳಿಕೊಟ್ಟ ಕ್ರಮವನ್ನೇ ಇವತ್ತಿಗೂ ಹಿಡಿದಿದ್ದೇನೆ: ಮೊದಲು ಗೋಡೆಗೆ ಕೈ ಕೊಟ್ಟು ಒತ್ತುವುದು. ಅದು ಇಪ್ಪತ್ತು ಸಲ ಸಲೀಸಾಗಿ ಬಂದ ಮೇಲೆ ಟೇಬಲ್ಲಿಗೆ. ಆಮೇಲೆ ಮೆಟ್ಟಿಲಿಗೆ. ಕೊನೆಗೆ ನೆಲಕ್ಕೆ. ಗೋಡೆಯಿಂದ ನೆಲಕ್ಕೆ ಇಳಿಯಲು ನನಗೆ ಏಳು ತಿಂಗಳು ಬೇಕಾಯಿತು.

ಬಸ್ಕಿಯನ್ನೂ ಹಾಗೆಯೇ. ಶಾಲೆಯಲ್ಲಿ ಅದು ಶಿಕ್ಷೆ, ಹಾಗಾಗಿ ನಮ್ಮ ಮನಸ್ಸಿನಲ್ಲಿ ಅದಕ್ಕೆ ಅವಮಾನ ಅಂಟಿಕೊಂಡಿದೆ. ಕುರ್ಚಿ ಇಟ್ಟು, ಅದರ ಮೇಲೆ ಕೂತು ಏಳುವುದರಿಂದ ಶುರು ಮಾಡಿದೆ. ಎರಡು ತಿಂಗಳಿಗೆ ಕುರ್ಚಿ ತೆಗೆದೆ. ಆಮೇಲೆ ಎರಡು ಡಂಬೆಲ್ ಕೊಂಡೆ, ಐದು ಕೆಜಿಯವು, ಮುಂದೆ ಹತ್ತು ಕೆಜಿಯವು. ವಾರಕ್ಕೆ ಮೂರು ದಿನ, ನಲವತ್ತು ನಿಮಿಷ. ಒತ್ತುವುದು, ಎಳೆಯುವುದು, ಕೂತು ಏಳುವುದು, ಬಗ್ಗಿ ಎತ್ತುವುದು. ಇಷ್ಟೇ. ಮೂವತ್ತು, ನಲವತ್ತು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕರಗುತ್ತಾ ಹೋಗುತ್ತದೆ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಅದೇ ಸ್ನಾಯು. ಬರೀ ವಾಕಿಂಗ್ ಮಾಡಿದರೆ ಅದು ಉಳಿಯುವುದು ಕಷ್ಟ. ನಮ್ಮ ಕಡೆ ಗಂಡಸರು ವಾಕಿಂಗ್ ಒಂದನ್ನೇ ನಂಬಿ ಕೂತಿರುವುದು ನನಗೆ ಬೇಸರ ತರುತ್ತದೆ. ವಾಕಿಂಗ್ ಬೇಕು, ನಾನೂ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಅದರ ಜೊತೆ ಭಾರ ಎತ್ತಲೇಬೇಕು.

ಹೊಟ್ಟೆಗೆ ಅಂತ ಬೇರೆ ವ್ಯಾಯಾಮ ಮಾಡಲಿಲ್ಲ. ಒಂದೇ ಜಾಗದ ಕೊಬ್ಬನ್ನು ಆರಿಸಿ ಇಳಿಸಲು ಆಗಲ್ಲ. ನನಗೆ ಮೊದಲು ಮುಖ ಇಳಿಯಿತು, ಆಮೇಲೆ ಕೈಕಾಲು. ಹೊಟ್ಟೆ, ಎದೆ ಕೊನೆಗೆ. ಅದೂ ಪೂರ್ತಿ ಅಲ್ಲ.

ಊಟದಲ್ಲಿ ದೊಡ್ಡ ಪಾಠ ಸಾರಿನದು. ದಿನಾ ಬೇಳೆ ಸಾರು ತಿನ್ನುತ್ತೇವೆ, ಪ್ರೋಟೀನ್ ಸಾಕಷ್ಟಿದೆ ಅಂದುಕೊಂಡಿದ್ದೆ. ಹೆಂಡತಿ ಜೊತೆ ಕೂತು ಲೆಕ್ಕ ಹಾಕಿದಾಗ ಒಬ್ಬರ ಪಾಲಿಗೆ ಬರುತ್ತಿದ್ದ ಬೇಳೆ ದಿನಕ್ಕೆ 25 ಗ್ರಾಂ. ಅದರಲ್ಲಿ ಪ್ರೋಟೀನ್ ಐದಾರು ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಬೇಕು. ಅಂದರೆ ನನಗೆ 60 ಗ್ರಾಂ ಮೇಲೆ. ಈಗ ವಾರಕ್ಕೆ ಮೂರು ದಿನ ಮೊಳಕೆ ಹುರುಳಿ ಕಾಳು, ನೀರಾಗಿ ಅಲ್ಲ, ಬಟ್ಟಲು ತುಂಬ ಕಾಳು. ಬೆಳಿಗ್ಗೆ ಎರಡು ಮೊಟ್ಟೆ. ಮಧ್ಯಾಹ್ನ ಮೊಸರು. ಸಂಜೆ ಬೋಂಡ ಬದಲು ಒಂದು ಹಿಡಿ ಕಡಲೆಕಾಯಿ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದಾಯಿತು, ಪಕ್ಕದಲ್ಲಿ ಸೊಪ್ಪು ಜಾಸ್ತಿಯಾಯಿತು. ದಿನಕ್ಕೆ ಐದು ಲೋಟ ಸಕ್ಕರೆ ಕಾಫಿ ಎರಡಕ್ಕೆ ಇಳಿಯಿತು. ಭಾನುವಾರದ ಬಾಡೂಟ ಬಿಟ್ಟಿಲ್ಲ. ಬಿಟ್ಟಿದ್ದರೆ ಮೂರನೇ ವಾರಕ್ಕೇ ಎಲ್ಲ ಬಿಡುತ್ತಿದ್ದೆ.

ಎಂಟು ಕೆಜಿ ಇಳಿದಾಗ ಜನರ ಮಾತು ತಿರುಗಿತು. "ಏನಪ್ಪ, ಶುಗರ್ ಬಂತಾ? ಇಳಿದು ಹೋಗಿದ್ದೀಯಲ್ಲ." ದಪ್ಪ ಇದ್ದಾಗ ನಕ್ಕವರೇ ಇವರು. ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ತೂಕ ಇಳಿದಿತ್ತು, ಕನ್ನಡಿ ಮುಂದಿನ ನಾಚಿಕೆ ಮಾತ್ರ ಇಳಿದಿರಲಿಲ್ಲ. ಸ್ನಾನದ ಮನೆಯಿಂದ ಈಗಲೂ ಬನಿಯನ್ ಹಾಕಿಕೊಂಡೇ ಬರುತ್ತಿದ್ದೆ. ಇದು ಎರಡು ಬೇರೆ ಬೇರೆ ಕೆಲಸ. ಮೊದಲನೆಯದನ್ನು ಮುಗಿಸಿದರೆ ಎರಡನೆಯದು ತಾನಾಗಿ ಮುಗಿಯುತ್ತೆ ಅಂತ ನಂಬಿ ನಾನು ಒಂದು ವರ್ಷ ಕಳೆದಿದ್ದೆ.

ಎರಡನೆಯದಕ್ಕೆ ಸಹಾಯ ಮಾಡಿದ್ದು ಎರಡು ಸಂಗತಿ. ಒಂದು, ಮೈಯನ್ನು ನೋಡುವುದು ಬಿಟ್ಟು ಮೈ ಏನು ಮಾಡುತ್ತೆ ಅಂತ ಬರೆದಿಡಲು ಶುರು ಮಾಡಿದ್ದು. 25 ಕೆಜಿ ಅಕ್ಕಿ ಮೂಟೆಯನ್ನು ಎರಡನೇ ಮಹಡಿಗೆ ನಿಲ್ಲದೆ ಹೊತ್ತ ದಿನ. ತುಂಬಿದ ಗ್ಯಾಸ್ ಸಿಲಿಂಡರ್ ಒಬ್ಬನೇ ಒಳಗೆ ತಂದ ದಿನ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ನಂದಿಯ ಹತ್ತಿರ ಒಮ್ಮೆ ಮಾತ್ರ ನಿಂತು ಹತ್ತಿದ ದಿನ. (ಇಳಿಯುವಾಗ ಬಸ್ಸಿಗೆ ಹೋಗುತ್ತೇನೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಭಾರ.)

ಇನ್ನೊಂದು, ಹೆಂಡತಿಗೆ ಹೇಳಿದ್ದು. ಕೆರೆಯ ಹತ್ತಿರ ಆದದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. "ದೀಪ ಆರಿಸ್ತಿದ್ದದ್ದು ಇದಕ್ಕಾ? ನಾನು ನಿಮಗೆ ನನ್ನನ್ನ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ಕಣ್ರೀ" ಅಂದಳು. ಹದಿನೈದು ವರ್ಷ ಅವಳು ಹಾಗಂದುಕೊಂಡು ಬದುಕಿದ್ದಳು. ಅದನ್ನು ಕೇಳಿ ನಾನು ಅತ್ತೆ.

ಮಗನಿಗೆ ಅಷ್ಟೆಲ್ಲ ಹೇಳಲಿಲ್ಲ. ಅವನಿಗೆ ವ್ಯಾಯಾಮ ಮಾಡು, ಕಡಿಮೆ ತಿನ್ನು ಅಂತ ಒಂದು ಸಲವೂ ಹೇಳಬಾರದು ಅಂತ ನಿರ್ಧಾರ ಮಾಡಿದ್ದೆ. ನಾನು ಬನಿಯನ್ ಇಲ್ಲದೆ ಮಹಡಿಗೆ ಹೋಗಿ ಬರಲು ಶುರು ಮಾಡಿದೆ, ಅಷ್ಟೇ. ಮೊದಲ ದಿನ ಬಾಗಿಲ ಹತ್ತಿರ ಐದು ನಿಮಿಷ ನಿಂತಿದ್ದೆ. ಒಂದು ಸಲ ಕಾರಿನಲ್ಲಿ ಬರುವಾಗ "ನಿನ್ನ ವಯಸ್ಸಲ್ಲಿ ನನ್ನನ್ನೂ ರೇಗಿಸ್ತಿದ್ರು. ಹುಡುಗರಲ್ಲಿ ಈ ವಯಸ್ಸಿಗೆ ಎದೆ ಸ್ವಲ್ಪ ಊದೋದು ಸಹಜ, ತುಂಬ ಜನಕ್ಕೆ ಒಂದೆರಡು ವರ್ಷದಲ್ಲಿ ಹೋಗುತ್ತೆ ಅಂತ ಡಾಕ್ಟರ್ ಹೇಳಿದ್ರು" ಅಂದೆ. ಅವನು ಕಿಟಕಿ ಕಡೆ ನೋಡುತ್ತಲೇ "ನಿಮಗೂ ಹೀಗೇ ಆಗ್ತಿತ್ತಾ?" ಅಂತ ಕೇಳಿದ. "ಹೂಂ" ಅಂದೆ. ಮನೆ ಬರುವವರೆಗೂ ಇಬ್ಬರೂ ಮತ್ತೆ ಮಾತಾಡಲಿಲ್ಲ.

2024ರ ಮೇ ತಿಂಗಳಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೋದೆವು. ನನ್ನ ತೂಕ 75. ಸೊಂಟ 93. ಎಚ್‌ಬಿಎ1ಸಿ 5.6. ಪಟ್ಟಿಯ ಪ್ರಕಾರ ನಾನು ಈಗಲೂ ಬೊಜ್ಜಿನವನೇ, ಎದೆಯೂ ಪೂರ್ತಿ ಹೋಗಿಲ್ಲ. ಅಂಗಿ ಬಿಚ್ಚುವಾಗ ಕೈ ತಾನಾಗಿಯೇ ಮೇಲೆ ಬಂತು. ಮಗ ಕೈಯಲ್ಲಿದ್ದ ನೀರಿನ ಬಾಟಲಿ ನನಗೆ ಕೊಟ್ಟು "ಹಿಡ್ಕೊಳ್ಳಿ ಅಪ್ಪ" ಅಂದ. ತನ್ನ ಟೀಶರ್ಟ್ ತಲೆ ಮೇಲಿಂದ ತೆಗೆದು, ಮಡಿಸಿ, ಹೆಗಲ ಮೇಲೆ ಹಾಕಿಕೊಂಡ. ಅದು ಎದೆಯ ಮೇಲೆ ಬರುವ ಹಾಗೆಯೇ ಹಾಕಿಕೊಂಡಿದ್ದ. ನಾನು ಏನೂ ಹೇಳಲಿಲ್ಲ. ಸಾಲು ಮುಂದೆ ಹೋಯಿತು, ಇಬ್ಬರೂ ಒಳಗೆ ಹೋದೆವು.