ಜಿನುಗಿದ್ದು ಬಲಗಡೆ, ತೂತು ಎಡಗಡೆ: ಹಳೇ ಪಿಕಪ್‌ನ ಪೆಟ್ರೋಲ್ ಟ್ಯಾಂಕ್ ಜೊತೆ ನನ್ನ ಅನುಭವ

ಹದಿನಾಲ್ಕು ತಿಂಗಳಿಂದ ನನ್ನ ಪಿಕಪ್ ಫುಲ್ ಟ್ಯಾಂಕ್ ಹೊತ್ತುಕೊಂಡು ನಿಲ್ಲುತ್ತಿದೆ. ಕೆಳಗೆ ಹಾಸಿದ ರಟ್ಟು ಒಣಗಿಯೇ ಇದೆ. 'ಟ್ಯಾಂಕ್ ಬದಲಾಯಿಸದೆ ಇದು ನಿಲ್ಲಲ್ಲ ಬಿಡು' ಅಂದವರು ಐದಾರು ಜನ. ಅದರಲ್ಲಿ ಇಬ್ಬರು ಗ್ಯಾರೇಜ್ ಇಟ್ಟವರೇ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಗಾಡಿಗೆ 27-28 ವರ್ಷ ಆಗಿರಬೇಕು. ಉಕ್ಕಿನ ಟ್ಯಾಂಕ್, ಸುಮಾರು 65 ಲೀಟರ್, ಎರಡು ಪಟ್ಟಿಗಳ ಮೇಲೆ ಲೋಡ್ ಬಾಡಿ ಕೆಳಗೆ ಜೋತುಬಿದ್ದಿದೆ. ಫುಲ್ ಮಾಡಿಸಿದ ರಾತ್ರಿ ಬಲಗಡೆ ಹಿಂದಿನ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ಎರಡು ಮೂರು ದಿನ ಓಡಿಸಿದರೆ ತಾನೇ ನಿಲ್ಲುತ್ತಿತ್ತು. ಈ 'ತಾನೇ ನಿಲ್ಲುತ್ತೆ' ಅನ್ನುವುದರಲ್ಲೇ ಅರ್ಧ ಉತ್ತರ ಇತ್ತು. ನನಗೆ ಅದು ಹೊಳೆಯಲು ಎಂಟು ತಿಂಗಳು ಬೇಕಾಯಿತು.

ಮೊದಲು ಒಬ್ಬ ಮೆಕ್ಯಾನಿಕ್ ಮಲಗಿ ನೋಡಿ, 'ಕೆಳಗಿನ ಸೀಮ್ ಬಿಟ್ಟಿದೆ' ಅಂದರು. ಸೀಮ್ ಅಂದರೆ ಟ್ಯಾಂಕಿನ ತಗಡುಗಳು ಕೂಡುವ ಜೋಡಣೆ. ಬಟ್ಟೆಯಲ್ಲಿ ಒರೆಸಿ ಎಪಾಕ್ಸಿ ಪುಟ್ಟಿ (ಮೆತ್ತಿದ ಮೇಲೆ ಗಟ್ಟಿಯಾಗುವ ಅಂಟು) ಮೆತ್ತಿದರು. ಹನ್ನೊಂದೋ ಹನ್ನೆರಡೋ ದಿನ ಖುಷಿಯಾಗಿದ್ದೆ. ಆಮೇಲೆ ನೋಡಿದರೆ, ಆ ದಿನಗಳಲ್ಲಿ ನಾನು ಫುಲ್ ಮಾಡಿಸಿಯೇ ಇರಲಿಲ್ಲ! ಫುಲ್ ಮಾಡಿಸಿದ ದಿನವೇ ಪುಟ್ಟಿಯ ಪಕ್ಕದಿಂದ ಹನಿ.

ಆಮೇಲೆ ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ಫಿಲ್ಲರ್ ಹೋಸ್, ಅದರ ಪಕ್ಕದ ಗಾಳಿಯ ಹೋಸ್, ನಾಲ್ಕು ಕ್ಲ್ಯಾಂಪ್ ಬದಲಾಯಿಸಿದೆ. ಹೋಸ್ ಬಿರುಕು ಬಿಟ್ಟಿದ್ದು ನಿಜ, ವಾಸನೆಯೂ ಕಡಿಮೆ ಆಯಿತು. ಹನಿ ಮಾತ್ರ ಅಲ್ಲೇ.

ಮೂರನೆಯದು ಟ್ಯಾಂಕ್ ಒಳಗೆ ಸುರಿಯುವ ಲೈನರ್, ಒಳಮೈಗೆ ಅಂಟಿ ಪದರ ಕಟ್ಟುವ ದ್ರವ. ಟ್ಯಾಂಕ್ ಇಳಿಸಿ, ಆಸಿಡ್‌ನಲ್ಲಿ ತೊಳೆದು, ಒಣಗಿಸಿ, ಸುರಿದು ಎಲ್ಲ ಕಡೆ ಉರುಳಿಸಿದೆ. ಎರಡು ತಿಂಗಳು ಜಗ್ಗಲಿಲ್ಲ. ಆಮೇಲೆ ಏರು ಹತ್ತುವಾಗ ಎಂಜಿನ್ ಉಸಿರು ಕಟ್ಟಿದ ಹಾಗೆ ಆಡತೊಡಗಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಈರುಳ್ಳಿ ಸಿಪ್ಪೆಯಂಥ ಪದರ. ಒಳಗಿನ ತಡೆತಟ್ಟೆಗಳ ಹಿಂದೆ ತೇವ ಉಳಿದಿತ್ತು ಅನಿಸುತ್ತೆ, ಅಲ್ಲಿಂದಲೇ ಲೈನರ್ ಎದ್ದಿದೆ. ಅದನ್ನು ಬಿಡಿಸಲು ಅಸಿಟೋನ್ ಸುರಿದು, ಎರಡು ಹಿಡಿ ನಟ್ಟು ಹಾಕಿ, ಎರಡು ಭಾನುವಾರ ಟ್ಯಾಂಕ್ ಕುಲುಕಿದೆ. ಬೆನ್ನು ಹಿಡಿದುಕೊಂಡಿದ್ದು ಬೇರೆ.

ಈ ಮೂರು ಪ್ರಯತ್ನಕ್ಕೆ ಹೋದ ದುಡ್ಡು ಹೊಸ ಟ್ಯಾಂಕಿನ ಬೆಲೆಯ ಮುಕ್ಕಾಲು ಪಾಲು. ನೆಲಕ್ಕೆ ಹೋದ ಪೆಟ್ರೋಲ್ ಸೇರಿಸಿದರೆ ಇನ್ನೂ ಜಾಸ್ತಿ. ಮನೆಯಲ್ಲಿ ಈ ಲೆಕ್ಕ ಯಾರಿಗೂ ಹೇಳಿಲ್ಲ.

ಆ ಸಿಟ್ಟಿನಲ್ಲಿ ಒಂದು ಸೈಡ್ ಪ್ರಯೋಗವೂ ನಡೆಯಿತು. ಮೂರು ಥರದ ಎಪಾಕ್ಸಿಯನ್ನು ತಗಡಿನ ಚೂರುಗಳ ಮೇಲೆ ಮೆತ್ತಿ, ಪೆಟ್ರೋಲ್ ತುಂಬಿದ ಗಾಜಿನ ಬಾಟಲಿಗಳಲ್ಲಿ ಮೂರು ವಾರ ಮುಳುಗಿಸಿಟ್ಟೆ. ಒಂದು ಚೂಯಿಂಗ್ ಗಮ್ ಆಯಿತು. ಇನ್ನೊಂದು ಗಟ್ಟಿಯಾಗಿಯೇ ಇತ್ತು, ಉಗುರು ಹಾಕಿದರೆ ಹಾಗೇ ಎದ್ದು ಬಂತು. ಮೂರನೆಯದು ಚೆನ್ನಾಗಿ ನಿಂತಿತು, ಆದರೆ ಎಮರಿ ಪೇಪರ್‌ನಲ್ಲಿ ಬಿಳಿ ಲೋಹ ಕಾಣುವವರೆಗೆ ಉಜ್ಜಿದ ಚೂರಿನ ಮೇಲೆ ಮಾತ್ರ. ಇನ್ನೊಂದು ತಗಡಿನ ಡಬ್ಬಿಗೆ ಸೂಜಿ ತೂತು ಮಾಡಿ ಬಾರ್ ಸೋಪ್ ಉಜ್ಜಿದೆ. ಪೆಟ್ರೋಲಿಗೆ ಸೋಪ್ ಕರಗಲ್ಲ. ಎರಡು ದಿನ ಹನಿ ಬೀಳಲಿಲ್ಲ. ದಾರಿ ಮಧ್ಯೆ ಮನೆ ಮುಟ್ಟಲು ಅಷ್ಟು ಸಾಕು, ಮಳೆ ಬಂದರೆ ಅದೂ ಇಲ್ಲ.

ಸರಿ, ಆಮೇಲೆ ಕೆಲಸವನ್ನು ಉಲ್ಟಾ ಮಾಡಿದೆ. ಎಲ್ಲಿ ತೊಟ್ಟಿಕ್ಕುತ್ತೆ ಅಂತ ನೋಡುವುದು ಬಿಟ್ಟು, ಯಾವಾಗ ಶುರುವಾಗುತ್ತೆ ಅಂತ ನೋಡಿದೆ. ಟ್ಯಾಂಕ್ ಖಾಲಿ ಮಾಡಿ, ಕ್ಯಾನಿನಿಂದ ಐದೈದು ಲೀಟರ್ ಹಾಕುತ್ತಾ, ಪ್ರತಿ ಸಲ ಇಪ್ಪತ್ತು ನಿಮಿಷ ಕಾದೆ. 50 ಲೀಟರ್ ತನಕ ಒಣ. 50 ದಾಟಿದ ಮೇಲೆ ಹನಿ. ಅಂದರೆ ತೂತು ಮೇಲೆಲ್ಲೋ ಇದೆ, ಕೆಳಗಿನ ಸೀಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಇನ್ನೊಂದು ದಿನ ಬಲಗಡೆ ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿದೆ, ಹತ್ತು ಸೆಂಟಿಮೀಟರ್ ಇರಬಹುದು. ಪೆಟ್ರೋಲ್ ಎಡಕ್ಕೆ ಸರಿಯಿತು, 45ಕ್ಕೇ ಶುರು. ಎಡಗಡೆ ಎತ್ತಿದರೆ 60ಕ್ಕೂ ಒಣ. ತೂತು ಟ್ಯಾಂಕಿನ ಎಡಗಡೆ ಭುಜದಲ್ಲಿ, ಅಂದರೆ ಮೇಲಿನ ಅಂಚಿನ ಹತ್ತಿರ ಇದೆ ಅಂತ ಆವತ್ತೇ ಗೊತ್ತಾಯಿತು. ಹನಿ ಮಾತ್ರ ಬಲಗಡೆಯೇ!

ಮುಂದಿನದಕ್ಕೆ ಟ್ಯಾಂಕ್ ಇಳಿಸಲಿಲ್ಲ, ಲೋಡ್ ಬಾಡಿ ಎತ್ತಿದೆ. ಟ್ಯಾಂಕ್ ಇಳಿಸಿದರೆ ಪಟ್ಟಿ ಬಿಡುತ್ತೆ, ಭಾರ ಬದಲಾಗುತ್ತೆ, ಲೀಕ್ ಮುಚ್ಚಿಕೊಂಡು ನಾಟಕ ಆಡುತ್ತೆ. ಬಾಡಿಗೆ ಎಂಟು ಬೋಲ್ಟು, ಅದರಲ್ಲಿ ಎರಡು ಮುರಿದವು. ಹಿಂದಿನ ಲೈಟಿನ ಪ್ಲಗ್, ಅರ್ಥ್ ವೈರ್, ಫಿಲ್ಲರ್ ಬಾಯಿಯ ಸ್ಕ್ರೂ. ನಾಲ್ಕು ಜನ ಹಿಡಿದರೆ ಬಾಡಿ ಎದ್ದು ಬರುತ್ತೆ. ಬ್ಯಾಟರಿ ಬಿಚ್ಚಿರಬೇಕು ಅಂತ ಹೇಳಬೇಕಾಗಿಲ್ಲ.

ಟ್ಯಾಂಕಿನ ಹೊರಮೈ ತೊಳೆದು ಒಣಗಿಸಿ, ಮೇಲೆಲ್ಲ ಚಾಕ್ ಪುಡಿ ಉದುರಿಸಿದೆ. ಮೊದಲು ಹಿಟ್ಟಿನಲ್ಲಿ ನೋಡಿದ್ದೆ, ಗಂಟು ಕಟ್ಟುತ್ತೆ. ಚಾಕ್ ಪುಡಿಯಲ್ಲಿ ಪೆಟ್ರೋಲ್ ಹರಿದ ದಾರಿ ಬೂದು ಗೆರೆಯಾಗಿ ಕಾಣುತ್ತೆ, ಆದರೆ ಆರಿದ ಮೇಲೆ ಗೆರೆ ಮಾಯ. ಗೆರೆ ಉಳಿಯಲಿ ಅಂತ ಪುಡಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಏನು ಅಂತ ಇಲ್ಲಿ ಬರೆಯಲ್ಲ, ಕ್ಷಮಿಸಿ.

ಎರಡು ಗೆರೆ ಬಂದವು. ಒಂದು ಫ್ಲೋಟ್ (ಪೆಟ್ರೋಲ್ ಮಟ್ಟ ಅಳೆಯುವ ತೇಲುಗುಂಡು) ಕೂರುವ ಲಾಕ್ ರಿಂಗ್ ಸುತ್ತ, ಬಹಳ ಸಣ್ಣದು. ಹಳೇ ಪ್ಯಾಕಿಂಗ್ ಒಣಗಿ ಕುಗ್ಗಿತ್ತು, ಹೊಸದು ಹಾಕಿದೆ. ಆ ರಿಂಗ್ ತಿರುಗಿಸಲು ಹಿತ್ತಾಳೆಯ ಡ್ರಿಫ್ಟ್ (ಮೊಂಡು ಸರಳು) ಇಟ್ಟು ಹೊಡೆಯಿರಿ, ಕಬ್ಬಿಣದ ಉಳಿ ಕಿಡಿ ಹಾರಿಸುತ್ತೆ. ಇನ್ನೊಂದು ಗೆರೆ ಎಡ ಭುಜದಲ್ಲಿ ಮುಂದಿನ ಪಟ್ಟಿಯ ಅಂಚಿನಿಂದ ಹುಟ್ಟಿ, ಮತ್ತೆ ಪಟ್ಟಿಯ ಕೆಳಗೇ ನುಗ್ಗಿತ್ತು. ಟ್ಯಾಂಕ್ ತಳ ಬಲಕ್ಕೆ ಸ್ವಲ್ಪ ಇಳಿಜಾರು. ಪಟ್ಟಿಯೇ ಪೈಪ್ ಥರ ಪೆಟ್ರೋಲನ್ನು ಬಲಗಡೆಗೆ ಸಾಗಿಸಿ, ಅಲ್ಲಿ ಸೀಮ್ ಅಂಚಿಗೆ ಬಿಡುತ್ತಿತ್ತು. ಅಲ್ಲಿಂದ ಅದು ಹಿಂದಿನ ಮೂಲೆಗೆ.

ಪಟ್ಟಿಯ ಕೆಳಗಿನ ಫೆಲ್ಟ್ (ದಪ್ಪ ಬಟ್ಟೆಯಂಥ ಮೆತ್ತೆ) ಟ್ಯಾಂಕಿಗೆ ಅಂಟಿಕೊಂಡಿತ್ತು. ಲೈನರ್ ಹಾಕುವಾಗ ಇಡೀ ಟ್ಯಾಂಕ್ ನನ್ನ ಕೈಯಲ್ಲಿತ್ತು, ಆ ಫೆಲ್ಟ್ ಎತ್ತಿ ನೋಡಲಿಲ್ಲ. ಈಗ ಚಾಕುವಿನಿಂದ ಎಬ್ಬಿಸಿದರೆ ಕೆಳಗೆ ಕಪ್ಪಗೆ ನೆಂದ ಕೆಸರು, ಅದರ ಕೆಳಗೆ ಪದರ ಪದರ ತುಕ್ಕು. ವೈರ್ ಬ್ರಷ್ ಆಡಿಸಿದೆ. ಮೂರು ತೂತು, ಸಾಸಿವೆ ಕಾಳಿನಷ್ಟೂ ಇಲ್ಲ.

ಪ್ರೆಶರ್ ಟೆಸ್ಟ್, ಅಂದರೆ ಟ್ಯಾಂಕಿಗೆ ಗಾಳಿ ತುಂಬಿ ಲೀಕ್ ಹುಡುಕುವುದರ ಬಗ್ಗೆ ಒಂದು ಮಾತು. ಮೊದಲ ಸಲ ಟೈರ್ ಪಂಪಿನಲ್ಲಿ ಹೊಡೆದೆ, ಗೇಜ್ 4 ಪಿಎಸ್ಐ (ಟೈರ್ ಗಾಳಿ ಅಳೆಯುವ ಅದೇ ಅಳತೆ) ತೋರಿಸುವಷ್ಟರಲ್ಲಿ ಟ್ಯಾಂಕ್ 'ಟೊಂಕ್' ಅಂತ ಉಬ್ಬಿತು. ಟ್ಯಾಂಕಿನ ಒಂದು ಮುಖ 80 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಇದ್ದರೆ 1 ಪಿಎಸ್ಐಗೇ ಅದರ ಮೇಲೆ ಸುಮಾರು 280 ಕಿಲೋ ಒತ್ತಡ. ಈಗ ಗೇಜ್ ಮುಟ್ಟಲ್ಲ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಕಟ್ಟಿ ನೀರು ಹಾಕುತ್ತೇನೆ, ಎರಡು ಕಡೆಯ ಮಟ್ಟದ ನಡುವೆ 70 ಸೆಂಟಿಮೀಟರ್ ವ್ಯತ್ಯಾಸ ಬಂದರೆ 1 ಪಿಎಸ್ಐ. ಉಳಿದದ್ದು ಸೋಪ್ ನೊರೆ, ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತೆ.

ರಿಪೇರಿಗೆ ಟ್ಯಾಂಕ್ ಇಳಿಸಿದೆ. ವೆಲ್ಡಿಂಗ್ ಬೇಡ ಅಂದೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಬರೀ ಆವಿ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಆರು ಸಲ ತೊಳೆದು, ಎರಡು ದಿನ ಬಾಯಿ ತೆರೆದು ಬಿಟ್ಟೆ. ವಾಸನೆ ಇಲ್ಲ ಅಂತ ನಂಬಲಿಲ್ಲ. ತೂತು ಮೇಲೆ ಬರುವಂತೆ ನಿಲ್ಲಿಸಿ ನೀರು ತುಂಬಿದೆ. ತಾಮ್ರದ ತುದಿಯ ದೊಡ್ಡ ಸಾಲ್ಡರಿಂಗ್ ಐರನ್ (ಬೆಸುಗೆ ಹಾಕುವ ಸಾಧನ) ಅನ್ನು ದೂರದಲ್ಲಿ ಕಾಯಿಸಿ ತಂದೆ, ಬೆಂಕಿ ಟ್ಯಾಂಕ್ ಹತ್ತಿರ ಸುಳಿಯಲಿಲ್ಲ. ತೆಳು ತಾಮ್ರದ ತಗಡಿಗೆ ಮೊದಲೇ ಸೀಸ-ತವರದ ಸಾಲ್ಡರ್ ಸವರಿ ಇಟ್ಟುಕೊಂಡಿದ್ದೆ. ಮೊದಲ ತೇಪೆ ಹಿಡಿಯಲಿಲ್ಲ. ಕೆಳಗೆ ತಾಗಿಕೊಂಡಿದ್ದ ನೀರು ಬಿಸಿಯನ್ನೆಲ್ಲ ಕುಡಿಯುತ್ತಿತ್ತು. ನೀರನ್ನು ಒಂದು ಬೆರಳಿನಷ್ಟು ಇಳಿಸಿದ ಮೇಲೆ ಸಾಲ್ಡರ್ ಬೆಣ್ಣೆಯ ಹಾಗೆ ಹರಿಯಿತು. ಸಾಲ್ಡರ್ ಹಿಡಿಯಲಿ ಅಂತ ಲೋಹಕ್ಕೆ ಸವರುವ ಫ್ಲಕ್ಸ್ ಯಾವುದು ಅನ್ನುವುದು ನನ್ನ ಎರಡನೇ ಗುಟ್ಟು. ಅದನ್ನು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ತೇಪೆ ಸುತ್ತ ಹೊಸ ತುಕ್ಕು ಗ್ಯಾರಂಟಿ.

ಫೆಲ್ಟ್ ಮತ್ತೆ ಹಾಕಲಿಲ್ಲ. ರಬ್ಬರ್ ಚೂರುಗಳನ್ನು ನಡುವೆ ಜಾಗ ಬಿಟ್ಟು ಅಂಟಿಸಿದೆ, ನೀರು ನಿಲ್ಲದೆ ಹರಿದು ಹೋಗಲಿ ಅಂತ. ತಾಮ್ರ, ಸಾಲ್ಡರ್, ಪ್ಯಾಕಿಂಗ್, ಮುರಿದ ಬೋಲ್ಟು ಎಲ್ಲ ಸೇರಿ ಅರ್ಧ ಟ್ಯಾಂಕ್ ಪೆಟ್ರೋಲಿನ ದುಡ್ಡೂ ಆಗಲಿಲ್ಲ.

ಸೀಮ್ ಅಂದಿದ್ದ ಅದೇ ಮೆಕ್ಯಾನಿಕ್ ಹೋದ ತಿಂಗಳು ಫೋನ್ ಮಾಡಿದ್ದರು. ಗಿರಾಕಿಯೊಬ್ಬರ ಪಿಕಪ್‌ನಲ್ಲಿ ಫುಲ್ ಮಾಡಿದಾಗ ಮಾತ್ರ ಲೀಕ್ ಅಂತೆ. 'ಎಷ್ಟು ಲೀಟರಿಗೆ ಶುರುವಾಗುತ್ತೆ?' ಅಂತ ಕೇಳಿದೆ. ನೋಡಿಲ್ಲ ಅಂದರು. ಕ್ಯಾನ್ ಹಿಡಿದುಕೊಂಡು ಕೂತಿದ್ದಾರೆ ಈಗ.