ಪದರು ಬಿಡುವ ಪೈ ಕ್ರಸ್ಟ್, ಕಾಸರಗೋಡಿನ ಸೆಕೆಯಲ್ಲಿ

ಪೈ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೊಂಕಣಿಗರ ಮನೆತನದ ಹೆಸರು. ಇಲ್ಲಿ ಹೇಳುತ್ತಿರುವುದು ಓವನ್‌ನಲ್ಲಿ ಬೇಯುವ ಪೈ, ಅದರಲ್ಲೂ ಹೂರಣದ ಅಡಿಗೆ ಹಾಸುವ ಕ್ರಸ್ಟ್. ಅಳತೆ ಚಾಚೂ ತಪ್ಪದಿದ್ದರೂ ಕರಾವಳಿಯಲ್ಲಿ ಅದು ಕೆಡುವುದು ಹೆಚ್ಚಾಗಿ ಸೆಕೆಯಿಂದ. ಬೆಣ್ಣೆ 32 ಡಿಗ್ರಿಯ ಆಸುಪಾಸಿನಲ್ಲಿ ಕರಗತೊಡಗುತ್ತದೆ, ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆಯೂ ಅಷ್ಟೇ ಕಾದಿರುತ್ತದೆ. ಬೆಳಗ್ಗೆ ಒಲೆ ಹಚ್ಚುವ ಮೊದಲೇ ಹಿಟ್ಟಿನ ಕೆಲಸ ಮುಗಿಸಿ.

ಅಂಗಡಿಯ ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬು, ಉಳಿದದ್ದು ಬಹುಪಾಲು ನೀರು. ಹಿಟ್ಟಿನ ನಡುವೆ ಚಪ್ಪಟೆಯಾಗಿ ಕೂತ ಬೆಣ್ಣೆ ಓವನ್‌ನಲ್ಲಿ ಕರಗಿದಾಗ ಆ ಜಾಗ ಟೊಳ್ಳಾಗುತ್ತದೆ, ನೀರು ಆವಿಯಾಗಿ ಮೇಲಿನ ಹಿಟ್ಟನ್ನು ಎತ್ತುತ್ತದೆ. ತುಪ್ಪದಲ್ಲಿ ನೀರಿಲ್ಲ. ತುಪ್ಪ ಹಾಕಿದರೆ ನಾನ್‌ಖಟಾಯಿಯ ಹಾಗೆ ಪುಡಿಪುಡಿಯಾದೀತು, ಪದರು ಬಿಡದು. ಚಿರೋಟಿಗೆ ತುಪ್ಪ ನಡೆಯುತ್ತದಲ್ಲ ಎಂದರೆ, ಅಲ್ಲಿ ಒಂದೊಂದು ಪದರನ್ನೂ ನಾವೇ ಲಟ್ಟಿಸಿ, ಅಕ್ಕಿಹಿಟ್ಟು-ತುಪ್ಪ ಸವರಿ ಪೇರಿಸುತ್ತೇವೆ. ಇಲ್ಲಿ ಆ ಕೆಲಸ ಬೆಣ್ಣೆಯ ತುಣುಕಿನದ್ದು.

9 ಇಂಚಿನ ಒಂದು ತಟ್ಟೆಗೆ ಮೈದಾ 180 ಗ್ರಾಂ, ಬೆಣ್ಣೆ 120 ಗ್ರಾಂ, ಸಕ್ಕರೆ ಒಂದು ಚಮಚ, ಉಪ್ಪು ಅರ್ಧ ಚಮಚ (ಉಪ್ಪಿನ ಬೆಣ್ಣೆಯಾದರೆ ಬೇಡ), ಐಸ್ ಹಾಕಿಟ್ಟ ನೀರು 45ರಿಂದ 55 ಮಿಲಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ಫ್ರಿಜ್‌ನಲ್ಲಿ ಕಲ್ಲಾಗಿಸಿ.

ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಕೊಯ್ದು 15 ನಿಮಿಷ ಫ್ರೀಸರ್‌ನಲ್ಲಿಡಿ. ಮೈದಾ ಹಾಕಿದ ಸ್ಟೀಲ್ ಪಾತ್ರೆಯನ್ನೂ ಜೊತೆಗೇ ಇಡುವುದು ಒಳ್ಳೆಯದು. ಆಮೇಲೆ ಎರಡನ್ನೂ ಸೇರಿಸಿ ಬೆರಳ ತುದಿಯಿಂದ ಮಾತ್ರ ಹೊಸಕಿ. ಅಂಗೈ ಬೇಡ, ಅದರ ಬಿಸಿ ಹೆಚ್ಚು. ಕೆಲವು ತುಣುಕು ಅಲಸಂಡೆ ಬೀಜದಷ್ಟು, ಕೆಲವು ಕಡಲೆಯಷ್ಟು ಕಣ್ಣಿಗೆ ಕಾಣುವಾಗಲೇ ನಿಲ್ಲಿಸಿ. ರವೆಯಂತೆ ಏಕವಾಗಿ ಬೆರೆತರೆ ಪದರು ಅಲ್ಲಿಗೆ ಮುಗಿಯಿತು. ನಡುವೆ ಬೆಣ್ಣೆ ಜಿಡ್ಡಾಗಿ ಹೊಳೆಯತೊಡಗಿದರೆ ಪಾತ್ರೆ ಸಮೇತ 10 ನಿಮಿಷ ಮತ್ತೆ ಫ್ರೀಸರ್‌ಗೆ.

ನೀರನ್ನು ಚಮಚದಿಂದ ಚಿಮುಕಿಸುತ್ತಾ ಬನ್ನಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಚು ಸ್ವಲ್ಪ ಬಿರುಕಿದರೂ ಸರಿ. ಜೂನ್-ಜುಲೈಯಲ್ಲಿ ಮೈದಾವೇ ಥಂಡಿ ಹಿಡಿದಿರುವುದರಿಂದ 40 ಮಿಲಿಯೇ ಸಾಕಾಗಬಹುದು. ಚಪಾತಿಯ ಹಾಗೆ ನಾದಬೇಡಿ. ನಾದಿದಷ್ಟೂ ಹಿಟ್ಟಿಗೆ ನಾರು ಬಂದು ಕ್ರಸ್ಟ್ ಗಟ್ಟಿಯಾಗುತ್ತದೆ, ಓವನ್‌ನಲ್ಲಿ ಕುಗ್ಗುತ್ತದೆ. ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಲಟ್ಟಿಸುವಾಗ ಮೂರು ಮಿಲಿಮೀಟರ್ ದಪ್ಪ, 12 ಇಂಚು ಅಗಲ. ಹಿಟ್ಟಿನೊಳಗೆ ಬೆಣ್ಣೆಯ ಹಳದಿ ಮಚ್ಚೆಗಳು ಕಾಣಿಸಿದರೆ ಕೆಲಸ ಸರಿ ಹೋಗುತ್ತಿದೆ ಎಂದರ್ಥ. ತಟ್ಟೆಯಲ್ಲಿ ಸಡಿಲವಾಗಿ ಇಳಿಸಿ ಮೂಲೆಗೆ ಒತ್ತಿ. ಎಳೆದು ಕೂರಿಸಿದ ಅಂಚು ಬೇಯುವಾಗ ಕೆಳಗೆ ಜಾರುತ್ತದೆ. ಫೋರ್ಕ್‌ನಿಂದ ತಳಕ್ಕೆ ಚುಚ್ಚಿ, ಇನ್ನರ್ಧ ಗಂಟೆ ತಣ್ಣಗಿಡಿ. ಅಲ್ಯೂಮಿನಿಯಂ ತಟ್ಟೆಯೇ ಕ್ಷೇಮ, ಫ್ರಿಜ್‌ನಿಂದ ನೇರ ಓವನ್‌ಗೆ ಹೋದ ಗಾಜು ಒಡೆಯಬಹುದು.

ಮೇಲೆ ಬೇಕಿಂಗ್ ಪೇಪರ್ ಹಾಸಿ ಅಂಚಿನವರೆಗೆ ಒಣ ಹುರುಳಿ ತುಂಬಿ. ತೂಕವಿಲ್ಲದಿದ್ದರೆ ತಳ ಉಬ್ಬಿಕೊಳ್ಳುತ್ತದೆ. ಮುಂಚೆಯೇ ಚೆನ್ನಾಗಿ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿಗೆ 20 ನಿಮಿಷ, ಹುರುಳಿ ತೆಗೆದು 180ಕ್ಕೆ ಮತ್ತೆ 10ರಿಂದ 12 ನಿಮಿಷ. ಓವನ್ ಕಾಯುವ ಮೊದಲೇ ಇಟ್ಟರೆ ಆವಿ ಏಳುವ ಮುಂಚೆ ಬೆಣ್ಣೆ ಕರಗಿ ಹರಿದು, ತಟ್ಟೆಯಲ್ಲಿ ಎಣ್ಣೆ ನಿಲ್ಲುತ್ತದೆ. ಬಣ್ಣ ತುಸು ಗಾಢವೇ ಇರಲಿ. ಬಿಳುಚಿದ ತಳ ಬೇಗ ಮೆತ್ತಗಾಗುತ್ತದೆ. ಆ ಹುರುಳಿ ಇನ್ನು ಸಾರಿಗಾಗದು, ಡಬ್ಬಿಯಲ್ಲಿಟ್ಟು ಮುಂದಿನ ಸಲಕ್ಕೂ ಇದಕ್ಕೇ ಬಳಸಿ.

ತುಂಬುವುದಕ್ಕೆ ಹಲಸಿನ ಬೆರಟಿಯಷ್ಟು ಹೊಂದುವ ಹೂರಣ ಇನ್ನೊಂದಿಲ್ಲ, ಕಾಯಿಸಿ ನೀರು ಇಂಗಿಸಿದ್ದಲ್ಲವೇ. ಸ್ವಲ್ಪ ತೆಂಗಿನ ಹಾಲಿನಲ್ಲಿ ಸಡಿಲಿಸಿ ಹರಡಿದರಾಯಿತು. ಹಸಿ ಮಾವಿನ ಹಣ್ಣಾದರೆ ಹೋಳುಗಳನ್ನು ಸಕ್ಕರೆಯಲ್ಲಿ ಬಾಡಿಸಿ, ರಸ ಬತ್ತಿಸಿ, ತಣಿಸಿಯೇ ಹಾಕಬೇಕು. ಮಳೆಗಾಲದಲ್ಲಿ ಖಾಲಿ ಕ್ರಸ್ಟ್ ಹೊರಗಿಟ್ಟರೆ ರಾತ್ರಿಯೊಳಗೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ತುಂಬುವ ಮೊದಲು 160 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿಮಾಡಿದರೆ ಗರಿ ಮರಳುತ್ತದೆ.