ಕಿಡ್ನಿ ಕೆಟ್ಟ ಬೆಕ್ಕು: ಚಿಕಿತ್ಸೆ ಎಲ್ಲಿಯವರೆಗೆ, ದಯಾಮರಣ ಯಾವಾಗ

ಮೊದಲು ತಿಳಿಯಬೇಕಾದ್ದು, ಕಿಡ್ನಿ ಕೆಟ್ಟಿದ್ದು ಈಗಷ್ಟೆಯೋ ತಿಂಗಳುಗಳಿಂದಲೋ ಎಂಬುದು. ಕಿಡ್ನಿ ಹೊರಹಾಕಬೇಕಾದ, ಅದು ಕೆಟ್ಟಾಗ ರಕ್ತದಲ್ಲಿ ಏರುವ ಕಸ ಕ್ರಿಯಾಟಿನಿನ್; ಗಂಡು ಬೆಕ್ಕಿಗೆ ಮೂತ್ರ ಕಟ್ಟಿದಾಗ ಅದು 10 ದಾಟುವುದುಂಟು. ನಳಿಕೆ ಹಾಕಿ ಮೂತ್ರ ಬಿಡಿಸಿ ಡ್ರಿಪ್ ಕೊಟ್ಟರೆ ಎಷ್ಟೋ ಬೆಕ್ಕುಗಳಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮೊದಲ ದಿನದ ರಿಪೋರ್ಟ್ ನೋಡಿ ಅಂಥದ್ದನ್ನು ಕೈಬಿಡಬೇಡಿ. ತಿಂಗಳುಗಳಿಂದ ಸೊರಗುತ್ತ, ಪದೇಪದೇ ನೀರು ಕುಡಿಯುವ ಮುದಿ ಬೆಕ್ಕಿನ ಕಿಡ್ನಿ ಮಾತ್ರ ಮರಳಿ ಸರಿಯಾಗುವುದಿಲ್ಲ. ಕ್ರಿಯಾಟಿನಿನ್ 2.9ರಿಂದ 5.0 ಇದ್ದರೆ ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು, ಕೊನೆಯದು. ಆದರೆ ಮೈಯಲ್ಲಿ ನೀರಿಲ್ಲದಾಗ ಈ ಅಂಕಿ ಏರಿರುತ್ತದೆ. ಎರಡು ಮೂರು ದಿನ ಡ್ರಿಪ್ ಕೊಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ತೀರ್ಮಾನ ಆ ಅಂಕಿಯ ಮೇಲಿರಲಿ.

ಬೆಕ್ಕು ತುಸು ಚೇತರಿಸಿಕೊಂಡರೆ ಎರಡು ವಾರ ಮನೆಯಲ್ಲೇ ಚಿಕಿತ್ಸೆ ಕೊಟ್ಟು ನೋಡಬಹುದು. ವಾಕರಿಕೆಗೆ ಮಾರೋಪಿಟೆಂಟ್, ಹಸಿವಿಗೆ ಮಿರ್ಟಾಜಪೈನ್ ಬೇಕೇ ಎಂದು ಕೇಳಿ; ಪೊಟ್ಯಾಸಿಯಂ, ಬಿಪಿ ನೋಡಿಸಿ. ಚರ್ಮದಡಿ ಕೊಡುವುದು ಸಾಮಾನ್ಯವಾಗಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ), ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರವದ ಬಾಟಲಿ ಅಲ್ಲ. 4 ಕಿಲೋ ಬೆಕ್ಕಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 75ರಿಂದ 100 ಮಿ.ಲೀ.; ದಿನಾ ಕೊಡಬೇಕೋ ದಿನ ಬಿಟ್ಟು ದಿನವೋ ಎಂಬುದನ್ನು ವೈದ್ಯರೇ ಹೇಳಬೇಕು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ದ್ರವ ತಣ್ಣಗಿದ್ದರೆ ಬೆಕ್ಕು ಕಿತ್ತುಕೊಂಡು ಓಡುತ್ತದೆ. ಹೆಗಲ ನಡುವಿನ ಚರ್ಮ ಎತ್ತಿ ಹಿಡಿದು, ಸೂಜಿಯನ್ನು ಬೆನ್ನಿಗೆ ಸಮಾನಾಂತರವಾಗಿ ಚುಚ್ಚಿ. ರೋಮ ಒದ್ದೆಯಾದರೆ ಸೂಜಿ ಆಚೆ ಬದಿಗೆ ಬಂದಿದೆ ಎಂದರ್ಥ. ದ್ರವದ ಗಂಟು ಕಾಲಿನತ್ತ ಜಾರಿದರೆ ಗಾಬರಿ ಬೇಡ. ಮರುದಿನವೂ ಕರಗದಿದ್ದರೆ, ಅಥವಾ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ, ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ: ಮೈ ಅಷ್ಟು ನೀರು ತಡೆಯುತ್ತಿಲ್ಲ.

ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಬಹುದು, ಕಾಯಬೇಡಿ. ಬಾಯಿಗೆ ಬಲವಂತವಾಗಿ ಸಿರಿಂಜ್ ಇಟ್ಟರೆ ಆಹಾರ ಶ್ವಾಸಕೋಶಕ್ಕೆ ಹೋಗಬಹುದು; ವೈದ್ಯರು ಕುತ್ತಿಗೆಯಲ್ಲಿ ಹಾಕುವ ಊಟದ ಟ್ಯೂಬ್ ಎಷ್ಟೋ ಮೇಲು. ಪ್ಯಾರಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕಿಗೆ ವಿಷ.

ಚಿಕಿತ್ಸೆ ಶುರುವಾಗುವ ದಿನವೇ, ಯಾವುದು ಕಂಡರೆ ನಿಲ್ಲಿಸುವುದು ಎಂದು ಮನೆಯವರೆಲ್ಲ ಕೂತು ಬರೆದಿಡಿ: ಔಷಧಿ ಕೊಟ್ಟರೂ ಊಟ ಬಿಟ್ಟದ್ದು, ಸತತ ಮೂರು ಕೆಟ್ಟ ದಿನ, ಫಿಟ್ಸ್. ಬರೆದಿಡದಿದ್ದರೆ ಒಂದು ಚಮಚ ಚಿಕನ್ ನೀರು ನೆಕ್ಕಿದ ದಿನ ಆಸೆ ಚಿಗುರಿ, ನೋವು ಇನ್ನೊಂದು ವಾರ ಬೆಳೆಯುತ್ತದೆ. ವಾರಕ್ಕೆರಡು ಸಲ ತೂಕ ನೋಡಿ. ಮೈ ನೆಕ್ಕಿಕೊಳ್ಳುತ್ತಿದೆಯೇ, ಮಲಮೂತ್ರದ ಟ್ರೇವರೆಗೆ ನಡೆಯುತ್ತಿದೆಯೇ, ಮಂಚದಡಿ ಅಡಗಿ ಕೂರುತ್ತಿದೆಯೇ ಎಂದು ದಿನವೂ ಗುರುತು ಹಾಕಿ. ಗುರುಗುಟ್ಟಿದರೆ ಸುಖವಾಗಿದೆ ಎಂದು ನಂಬಬೇಡಿ, ನೋವಿನಲ್ಲೂ ಗುರುಗುಟ್ಟುತ್ತದೆ. ಹಣ ಸಾಲದಿರುವುದೂ ನ್ಯಾಯವಾದ ಕಾರಣವೇ, ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಬೆಕ್ಕು ಕೊಂದರೆ ಚಿನ್ನದ ಬೆಕ್ಕು ದಾನ ಕೊಡಬೇಕು ಎಂದು ಹಿರಿಯರು ತಡೆಯಬಹುದು. ಬಾಯಲ್ಲಿ ಹುಣ್ಣಾಗಿ, ನೀರೂ ಇಳಿಯದೆ ನಾಲ್ಕು ದಿನ ನರಳುವುದೇ ಇನ್ನೊಂದು ದಾರಿ ಎಂದು ಅವರಿಗೆ ಬಿಡಿಸಿ ಹೇಳಿ.

ದಯಾಮರಣಕ್ಕೆ ಮುನ್ನ ಮಂಪರಿನ ಇಂಜೆಕ್ಷನ್ ಕೊಡುತ್ತೀರಾ ಎಂದು ಕೇಳಿ, ಕೊಡದವರಲ್ಲಿ ಮಾಡಿಸಬೇಡಿ. ಬೆಕ್ಕು ಪೂರ್ತಿ ಮಲಗಿದ ಮೇಲೆ ರಕ್ತನಾಳಕ್ಕೆ ಕೊಡುವ ಔಷಧಿಯಿಂದ ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ಬಾಯಿ ತೆರೆಯಬಹುದು, ಮೂತ್ರ ಹೋಗಬಹುದು. ಆಗ ಅದಕ್ಕೆ ನೋವಿರುವುದಿಲ್ಲ. ಹೂಳುವುದಾದರೆ ಬಾವಿಯಿಂದ ದೂರ, ಮೂರಡಿಗಿಂತ ಆಳಕ್ಕೆ. ದೇಹದಲ್ಲಿ ಉಳಿದ ಔಷಧಿ ಅದನ್ನು ಬಗೆದು ತಿನ್ನುವ ನಾಯಿಯನ್ನೂ ಕೊಲ್ಲಬಹುದು.